ಪರ್ಕಳದ ಒಂದು ಪಾಗಾರ, 112 ಸಂದುಗಳು

2023ರ ಏಪ್ರಿಲ್ ಕೊನೆಯ ವಾರ. ಸೆಕೆ ಅಂದ್ರೆ ಸೆಕೆ. ಪರ್ಕಳದಿಂದ ಟೀಚರ್ ಫೋನ್ ಮಾಡಿದರು. ನಿವೃತ್ತಿಯಾಗಿ ಹತ್ತು ವರ್ಷ ದಾಟಿದೆ, ಆದರೂ ಊರಿಗೆಲ್ಲ ಅವರು ಇನ್ನೂ ಟೀಚರೇ.

"ನಮ್ಮ ಪಾಗಾರದ ಸಂದಿಗೆಲ್ಲ ಎಂತಾದ್ರೂ ಗಿಡ ಹಾಕಿ ಕೊಡ್ಲಿಕ್ಕಾಗ್ತದಾ ಮಾರಾಯ್ರೆ? ಇವರು ಸಿಮೆಂಟ್ ಮೆತ್ತಿಸ್ತೇನೆ ಅಂತ ಹೊರಟಿದ್ದಾರೆ. ನಂಗೆ ಅದು ನೋಡ್ಲಿಕ್ಕಾಗುದಿಲ್ಲ."

ಉಡುಪಿ ಸುತ್ತಮುತ್ತ ಮನೆಗಳ ಹಿತ್ತಿಲು, ಅಂಗಳ ನೋಡಿಕೊಡುವುದು ನನ್ನ ಕೆಲಸ. ಚಟ್ಟಿ, ಲಾನ್, ತರಕಾರಿ ಸಾಲು ಎಲ್ಲ ಮಾಡಿದ್ದೇನೆ. ಗೋಡೆಯ ಸಂದಿಗೆ ಗಿಡ ಅಂತ ಯಾರೂ ಅಲ್ಲಿವರೆಗೆ ಕೇಳಿರಲಿಲ್ಲ. ಸುಲಭದ ಕೆಲಸ ಅಂದುಕೊಂಡೇ ಒಪ್ಪಿದೆ. ಒಂದು ನರ್ಸರಿಗೆ ಹೋಗಿ ನಾಲ್ಕು ಬಗೆ ತಂದು ತುರುಕಿದರೆ ಆಯ್ತಲ್ವಾ ಅಂತ. ಆ ಲೆಕ್ಕ ಎಷ್ಟು ತಪ್ಪಿತ್ತು ಅನ್ನುವುದೇ ಈ ಪ್ರಕರಣದ ಅರ್ಧ ಭಾಗ.

ಮನೆ ಇಳಿಜಾರಿನಲ್ಲಿದೆ. ಪಾಗಾರ ಮುರಕಲ್ಲಿನದ್ದು (ಜಂಬಿಟ್ಟಿಗೆ ಅನ್ನುತ್ತಾರಲ್ಲ, ಅದೇ), ಮಣ್ಣಿನಲ್ಲಿ ಕಟ್ಟಿದ್ದು, ಟೀಚರ ಮಾವನ ಕಾಲದ್ದು. ಎತ್ತರ ಸುಮಾರು ಐದು ಅಡಿ. ಆಕಾರದಲ್ಲಿ ಮೊಳಕೈ ಮಡಚಿದ ಹಾಗೆ. ಉದ್ದದ ಕೈ 48 ಅಡಿ, ರಸ್ತೆ ಬದಿಗೆ, ಪಶ್ಚಿಮಕ್ಕೆ ಮುಖ. ಗಿಡ್ಡ ಕೈ 22 ಅಡಿ, ಉತ್ತರಕ್ಕೆ ಮುಖ, ಎದುರಿಗೆ ದೊಡ್ಡದೊಂದು ಹಲಸಿನ ಮರ. ಈ ಗಿಡ್ಡ ಕೈ ಬರೀ ಪಾಗಾರ ಅಲ್ಲ. ಅದರ ಹಿಂದೆ ಅಂಗಳದ ಮಣ್ಣು ನಿಂತಿದೆ. ಅಂದರೆ ಧರೆ ಹಿಡಿದುಕೊಂಡಿರುವ ಗೋಡೆ ಅದು. ಒಂದೇ ಗೋಡೆಯ ಎರಡು ಕೈಗೆ ಎರಡು ಸ್ವಭಾವ ಅಂತ ಆ ದಿನ ನೋಡಿದೆ, ಆದರೆ ತಲೆಗೆ ಹೋಗಲಿಲ್ಲ.

ಟೀಚರ ಯಜಮಾನರದ್ದು ಎರಡು ತಕರಾರು. ಒಂದು, ಸಂದಿನಲ್ಲಿ ಹಾವು ಕೂರ್ತದೆ. ಎರಡು, ಮಳೆಗೆ ಕಲ್ಲು ಜಾರಿ ಗೋಡೆ ಬೀಳ್ತದೆ. ಎರಡೂ ಸುಳ್ಳಲ್ಲ. ಆದರೆ ಸಿಮೆಂಟ್ ಅದಕ್ಕೆ ಮದ್ದಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಮುರಕಲ್ಲು ತೂತು ತೂತು. ನೀರು ಕುಡಿಯುತ್ತದೆ, ಬಿಡುತ್ತದೆ. ಧರೆಯ ಹಿಂದಿನ ನೀರು ಹೊರಗೆ ಬರಲು ದಾರಿ ಬೇಕು. ಸಂದು ಎಲ್ಲ ಸಿಮೆಂಟಿನಲ್ಲಿ ಮುಚ್ಚಿದರೆ ನೀರು ಹಿಂದೆ ನಿಂತು ಗೋಡೆಯನ್ನೇ ನೂಕುತ್ತದೆ. ಸಿಮೆಂಟು ಮೆತ್ತಿದ ಮರುವರ್ಷವೇ ಹೊಟ್ಟೆ ಬಿಟ್ಟ ಗೋಡೆಗಳನ್ನು ಮಣಿಪಾಲದ ಇಳಿಜಾರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

"ಸರಿ, ಹಾವಿಗೆ ಎಂತ ಮಾಡ್ತೀರಿ?" ಅಂದರು ಯಜಮಾನರು. ಅದಕ್ಕೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಗಿಡ ಹಾಕಿದರೆ ಹಾವು ಬರುವುದಿಲ್ಲ ಅಂತ ಹೇಳಿ ನಂಬಿಸುವುದು ನನಗೆ ಬೇಡ. ಮೇಸ್ತ್ರಿಯನ್ನು ಕರೆಸೋಣ ಅಂದೆ.

ಮೇಸ್ತ್ರಿ ಬಂದವರು ಮೊದಲು ಗಿಡದ ಮಾತೇ ಎತ್ತಲಿಲ್ಲ. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯಾ ಅಂತ ನೋಡುತ್ತ ಹೋದರು. ಉದ್ದದ ಕೈ ನೆಟ್ಟಗಿತ್ತು. ಗಿಡ್ಡ ಕೈಯಲ್ಲಿ ಒಂದು ಕಡೆ ಎರಡು ಬೆರಳಿನಷ್ಟು ಮುಂದೆ ಬಂದಿತ್ತು. ಅದರ ಕಾರಣ ಕಣ್ಣೆದುರೇ ಇತ್ತು: ಮೂರನೇ ವರಿಯಲ್ಲಿ, ಅಂದರೆ ಕಲ್ಲಿನ ಸಾಲಿನಲ್ಲಿ, ಒಂದು ಅಶ್ವತ್ಥದ ಗಿಡ. ಮೇಲೆ ಒಂದೂವರೆ ಅಡಿ, ಎಂಟೋ ಹತ್ತೋ ಎಲೆ, ಗಾಳಿಗೆ ಪಟಪಟ ಅಲ್ಲಾಡುತ್ತ ಮುದ್ದಾಗಿತ್ತು. ಹಣ್ಣು ತಿಂದ ಕುಟ್ರು, ಬುಲ್‌ಬುಲ್‌ಗಳು ಹಿಕ್ಕೆ ಹಾಕಿದಲ್ಲೆಲ್ಲ ಅಶ್ವತ್ಥ, ಗೋಳಿ ಹುಟ್ಟುತ್ತವೆ. ಗೋಡೆಯ ಸಂದು ಅವಕ್ಕೆ ಮರದ ಪೊಟರೆ ಇದ್ದ ಹಾಗೆಯೇ. ಮೇಲೆ ಒಂದೂವರೆ ಅಡಿ ಇದ್ದರೆ ಒಳಗೆ ಬೇರು ಎಷ್ಟು ಅಂತ ಹೇಳಲಿಕ್ಕಾಗುವುದಿಲ್ಲ.

ಅಶ್ವತ್ಥ ಕಡಿಯುವ ಹಾಗಿಲ್ಲ ಅಂತ ಟೀಚರು. ಕಡಿದರೂ ಪ್ರಯೋಜನ ಇಲ್ಲ ಅಂತ ನಾನು, ಯಾಕಂದ್ರೆ ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಹೀಗೆ ಭಕ್ತಿ ಮತ್ತು ತೋಟಗಾರಿಕೆ ಎರಡೂ ಒಂದೇ ಕಡೆ ಬಂದು ನಿಂತವು. ಮೇಸ್ತ್ರಿ ಮೂರು ಕಲ್ಲು ಬಿಡಿಸಿದರು. ಹಿಂದಿನ ಮಣ್ಣಿನಲ್ಲಿ ಬೇರು ಕೈಬೆರಳು ದಪ್ಪ ಆಗಿ, ಕಲ್ಲಿನ ಬೆನ್ನಿಗೆ ಅಂಟಿಕೊಂಡು ಎರಡು ಅಡಿ ಆಚೆ ಹೋಗಿತ್ತು. ಕಲ್ಲಿನ ಮೇಲೆ ಬೇರಿನ ಅಚ್ಚು ಬಿದ್ದಿತ್ತು, ಕೈಯಲ್ಲಿ ಸವರಿದರೆ ತಗ್ಗು ಸಿಗುತ್ತಿತ್ತು. ಪೂರ್ತಿ ಬಿಡಿಸಿ, ಗಿಡವನ್ನು ಗೋಣಿಯಲ್ಲಿ ಕಟ್ಟಿ ನೆರಳಲ್ಲಿಟ್ಟೆವು. ಮಳೆ ಹಿಡಿದ ಮೇಲೆ ಊರಿನ ಭಜನಾ ಮಂದಿರದ ಹಿಂದಿನ ಖಾಲಿ ಜಾಗದಲ್ಲಿ ನೆಟ್ಟರು. ಕಲ್ಲು ಮೂರನ್ನೂ ಮತ್ತೆ ಕೂರಿಸಿದ್ದು ಮಣ್ಣಿನಲ್ಲೇ.

ಆಮೇಲೆ ಸೀಮೆಸುಣ್ಣ ಹಿಡಿದು ಲೆಕ್ಕ ಶುರು. ಇದು ಟೀಚರದ್ದೇ ಉಪಾಯ. ಪ್ರತಿ ಸಂದಿನ ಪಕ್ಕ ಒಂದು ಅಕ್ಷರ ಬರೆಯುವುದು. ಒಣ ಸಂದಿಗೆ "ಒ", ತೇವದ್ದಕ್ಕೆ "ತೇ", ಮುಚ್ಚಬೇಕಾದ್ದಕ್ಕೆ "ಮು", ಹಾಗೇ ಬಿಡಬೇಕಾದ್ದಕ್ಕೆ "ಬಿ". ನಾನು ಬೆರಳು, ಕಡ್ಡಿ ತೂರಿಸಿ ಆಳ ಹೇಳುವುದು, ಅವರು ಬರೆಯುವುದು. ಎರಡು ಸಂಜೆ ಹಿಡಿಯಿತು. ಒಟ್ಟು 112. ಅದರಲ್ಲಿ 31 "ಮು". ಇವು ಮುಷ್ಟಿ ಹೋಗುವಷ್ಟು ದೊಡ್ಡದು, ಕಲ್ಲೇ ಒಡೆದು ಆದದ್ದು. ಮೇಸ್ತ್ರಿ ಮುರಕಲ್ಲಿನ ಚೂರುಗಳನ್ನು ಬಡಿದು ಕೂರಿಸಿ ಮುಚ್ಚಿದರು. ಯಜಮಾನರ ಹಾವಿಗೆ ಇದೇ ಉತ್ತರ ಆಯ್ತು: ಹಾವು ಕೂರುವಷ್ಟು ದೊಡ್ಡ ಪೊಟರೆಗೆ ಕಲ್ಲು, ಬೆರಳು ಹೋಗುವಷ್ಟರಲ್ಲಿ ಗಿಡ. ಇನ್ನೊಂದು ಮಾತೂ ಆಯ್ತು. ಬುಡದ ಒಂದು ಅಡಿಯಲ್ಲಿ ಏನೂ ನೆಡುವುದಿಲ್ಲ, ಅಲ್ಲಿ ಗುಡಿಸಿ ನೆಲ ಕಾಣುವ ಹಾಗೆ ಇಡುವುದು. ಅವರ ಮುಖ ಸ್ವಲ್ಪ ಸಡಿಲಾಯಿತು.

"ಬಿ" 19. ನೀರು ಸುರಿಯುವ ಕಿಂಡಿಗಳು, ಕಣಜದ ಮಣ್ಣಿನ ಗೂಡಿದ್ದವು, ಮತ್ತೆ ಒಂದರಲ್ಲಿ ಹಾವುರಾಣಿ. ಟೀಚರು ಅದರ ಪಕ್ಕ "ಬಿ" ಬರೆದು ಕೆಳಗೆ ಎರಡು ಗೆರೆ ಎಳೆದರು. ಉಳಿದ 62 ನನ್ನ ಪಾಲಿಗೆ. ಪಶ್ಚಿಮದಲ್ಲಿ 40, ಉತ್ತರದಲ್ಲಿ 22.

ಕಲ್ಲಿನ ಬಗ್ಗೆ ಸ್ವಲ್ಪ ಹೇಳಬೇಕು, ಗಿಡದ ಆಯ್ಕೆ ಅದರ ಮೇಲೇ ನಿಂತಿದೆ. ಮುರಕಲ್ಲನ್ನು ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಇದಕ್ಕೆ ಲ್ಯಾಟರೈಟ್ ಅನ್ನುವ ಹೆಸರನ್ನು ಮೊದಲು ಅಚ್ಚಿಗೆ ತಂದವರು ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ಮೈಸೂರು, ಕೆನರಾ, ಮಲಬಾರು ಸುತ್ತಿ ಬರೆದ ಪ್ರವಾಸದ ದಾಖಲೆಯಲ್ಲಿ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಮಾಡಿದ ಹೆಸರು. ಜನ ಅದನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ನೋಡಿ ಇಟ್ಟದ್ದು. ನಮಗೆ ಮುಖ್ಯ ಏನಂದ್ರೆ, ಇದರಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ, ಗಿಡಕ್ಕೆ ಬೇಕಾದ ಸಾರ ಕಮ್ಮಿ, ಸ್ವಭಾವ ಹುಳಿ. ಸಂದಿನಲ್ಲಿ ಕೂರುವ ಗಿಡ ಹೊಟ್ಟೆಬಾಕ ಆಗಿರಬಾರದು. ಬೇರು ಮರ ಆಗುವಂಥದ್ದು ಬೇಡವೇ ಬೇಡ.

ಇಷ್ಟು ಗೊತ್ತಿದ್ದೂ ನಾನು ಸೀದಾ ನರ್ಸರಿಗೆ ಹೋದೆ.

ನರ್ಸರಿಯಲ್ಲಿ ಮೂರು ಗಿಡ ತೋರಿಸಿದರು. ಒಂದು, ಗೋಡೆಗೆ ಅಂಟಿಕೊಂಡು ಹಬ್ಬುವ ಪುಟ್ಟ ಎಲೆಯ ಬಳ್ಳಿ. "ಆರು ತಿಂಗಳಲ್ಲಿ ಗೋಡೆ ಹಸಿರು" ಅಂದರು. ಅದು ಅತ್ತಿ, ಆಲದ ಕುಲದ್ದೇ. ಎಳೆಯದಿರುವಾಗ ಎಲೆ ಚೆಂದ, ವಯಸ್ಸಾದ ಮೇಲೆ ಕಾಂಡ ಕಟ್ಟಿಗೆ ಆಗಿ ಸಂದಿಗೆ ಕೈ ಹಾಕುತ್ತದೆ. ಒಂದು ಅಶ್ವತ್ಥ ಬಿಡಿಸಲು ಮೂರು ಕಲ್ಲು ತೆಗೆದವನಿಗೆ ಅದೇ ಕುಲದ ಇನ್ನೊಂದನ್ನು ದುಡ್ಡು ಕೊಟ್ಟು ತರಲು ಮನಸ್ಸಾಗಲಿಲ್ಲ. ಎರಡನೆಯದು ಹಳದಿ ಹೂವಿನ ನೆಲಬಳ್ಳಿ, ವೆಡೀಲಿಯಾ ಅಂತ ಮಾರುತ್ತಾರೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಹೆದ್ದಾರಿ ಬದಿ ನೋಡಿದರೆ ಸಾಕು, ಯಾಕೆ ಅಂತ ಗೊತ್ತಾಗುತ್ತದೆ. ಮೂರನೆಯದು ಟೇಬಲ್ ರೋಸ್. ಬಿಸಿಲಿಗೆ ಅರಳುವ ಬಣ್ಣ ಬಣ್ಣದ ಹೂ. ಪಶ್ಚಿಮದ ಗೋಡೆ, ಬಿಸಿಲು ಜಾಸ್ತಿ, ಇದು ಸರಿ ಅಂತ 16 ಗಿಡ ತಂದೆ. ಟೀಚರು ಹೂ ನೋಡಿ ಖುಷಿಪಟ್ಟರು. ಖುಷಿ ಒಂದೂವರೆ ತಿಂಗಳು ಬಾಳಿತು, ಅದನ್ನು ಮುಂದೆ ಹೇಳುತ್ತೇನೆ.

ಒಳ್ಳೆಯ ಆಯ್ಕೆ ಬಂದದ್ದು ನರ್ಸರಿಯಿಂದ ಅಲ್ಲ, ಬಾವಿಯಿಂದ.

ಮೇ ತಿಂಗಳಲ್ಲಿ ಟೀಚರ ಮನೆಯ ಬಾವಿ ಕೆಸರು ತೆಗೆಯುವವರು ಬಂದಿದ್ದರು. ನಾನು ಸುಮ್ನೆ ಕಟ್ಟೆ ಹಿಡಿದು ಬಗ್ಗಿ ನೋಡಿದೆ. ಒಳಗಿನ ಕಲ್ಲಿನ ಸಂದು ಸಂದಿನಲ್ಲಿ ಜರಿಗಿಡ! ಕಪ್ಪು ನೂಲಿನಂಥ ಕಡ್ಡಿ, ಅದರಲ್ಲಿ ಪುಟಾಣಿ ಬೀಸಣಿಗೆ ಎಲೆ. ಅದೇ ಮುರಕಲ್ಲು, ಅದೇ ಸಂದು, ಯಾರೂ ನೆಡದೆ, ಯಾರೂ ಗೊಬ್ಬರ ಹಾಕದೆ. ಬಾವಿಗೆ ಇಳಿದವರ ಹತ್ತಿರ ಎಂಟು ಬುಡ ಕಿತ್ತು ಕೊಡಿ ಅಂದೆ. "ಇದನ್ನು ನಾವು ಪ್ರತಿ ವರ್ಷ ಕೆರೆದು ಬಿಸಾಡುದು, ನೀವು ಕೇಳಿ ತೆಗೊಳ್ತೀರಲ್ಲ!" ಅಂತ ನಗಾಡಿದರು.

ಅಲ್ಲಿಂದ ನನ್ನ ನಡಿಗೆ ಶುರುವಾಯಿತು. ಒಂದು ವಾರ ಪರ್ಕಳ, ಮಣಿಪಾಲ, ಉಡುಪಿಯ ಹಳೆ ಪಾಗಾರಗಳನ್ನೇ ನೋಡುತ್ತ ತಿರುಗಿದೆ. ಯಾವ ದಿಕ್ಕಿನ ಗೋಡೆಯಲ್ಲಿ ಏನು ಬದುಕಿದೆ ಅಂತ. ನೆರಳು, ಒಸರು ಇರುವಲ್ಲಿ ಬಾವಿಯ ಜರಿ. ಸ್ವಲ್ಪ ಬೆಳಕಿರುವ ಅಂಚಿನಲ್ಲಿ ಎಲೆಯ ಅಡಿ ಬೆಳ್ಳಗಿರುವ ಜರಿ. ಚಿಕ್ಕಂದಿನಲ್ಲಿ ಅದನ್ನು ಕೈಗೆ ಒತ್ತಿ, ಮೇಲೆ ಪಟ್ ಅಂತ ಹೊಡೆದು ಬಿಳಿ ಅಚ್ಚು ಮೂಡಿಸಿಕೊಳ್ಳುತ್ತಿದ್ದೆವಲ್ವಾ, ಅದೇ. ಅದು ಅಮೆರಿಕದ ಉಷ್ಣವಲಯದಿಂದ ಬಂದದ್ದು ಅಂತ ಗೊತ್ತಾದಾಗ ನನಗೆ ಸ್ವಲ್ಪ ಬೇಸರವೇ ಆಯಿತು, ನಮ್ಮದೇ ಅಂದುಕೊಂಡಿದ್ದೆ. ಸುಣ್ಣದ ಗಾರೆ ಇರುವ ಹಳೆ ಗೋಡೆಗಳಲ್ಲಿ ಮಾತ್ರ ಇನ್ನೊಂದು ಬಗೆ, ಏಣಿಯ ಹಾಗೆ ಉದ್ದ ಎಲೆಯದ್ದು. ಈ ಜರಿ ಮಣ್ಣಿನಿಂದ ಆರ್ಸೆನಿಕ್ ವಿಷ ಹೀರಿಕೊಳ್ಳುತ್ತದೆ ಅಂತ 2001ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಸುಣ್ಣ ಇದ್ದಲ್ಲಿ ಅದಕ್ಕೆ ಇಷ್ಟ. ನಮ್ಮದು ಮಣ್ಣಿನ ಗೋಡೆ, ಅದನ್ನು ಕೈಬಿಟ್ಟೆ.

ಮತ್ತೆ ಮರಕೆಸು. ಇದು ನನಗೆ ಹೊಳೆದದ್ದಲ್ಲ, ಟೀಚರದ್ದೇ. "ಮಾವಿನ ಮರದ ಕವಲಲ್ಲಿ ಕೂತು ಬದುಕುತ್ತದೆ, ನಮ್ಮ ಗೋಡೆ ಎಂತ ಮಾಡಿದೆ ಅದಕ್ಕೆ?" ಅಂದರು. ಸರಿಯಾದ ಮಾತು. ಮರಕೆಸು ಮಣ್ಣು ಕೇಳುವುದಿಲ್ಲ. ಮರದ ಮೇಲೆ, ಬಂಡೆಯ ಮೇಲೆ ಪಾಚಿ, ಕೊಳೆತ ಎಲೆ ಹಿಡಿದು ಮಳೆಗಾಲಕ್ಕೆ ಏಳುತ್ತದೆ, ಬೇಸಿಗೆಗೆ ಎಲೆ ಉದುರಿಸಿ ಗಡ್ಡೆಯಾಗಿ ಮಲಗುತ್ತದೆ. ಅದರ ಸಣ್ಣ ಸಣ್ಣ ಮರಿಗಡ್ಡೆಗಳಿಗೆ ಕೊಕ್ಕೆ ಮುಳ್ಳಿರುತ್ತದೆ. ಬಟ್ಟೆಗೆ, ಪ್ರಾಣಿಗಳ ಮೈಗೆ ಸಿಕ್ಕಿಕೊಂಡು ಊರು ಬದಲಿಸುತ್ತದೆ. ಬೇಸಿಗೆಯಲ್ಲಿ ನೀರು ಹಾಕುವ ತಾಪತ್ರಯ ಇಲ್ಲ, ಬೇರು ಗೋಡೆ ಒಡೆಯುವುದಿಲ್ಲ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪತ್ರೊಡೆಯೂ ಆಗುತ್ತದೆ. ಒಂದು ಗಿಡದಿಂದ ಇದಕ್ಕಿಂತ ಜಾಸ್ತಿ ಕೇಳುವುದು ಅತಿಯಾಸೆ.

ಕೊನೆಗೆ ಪಟ್ಟಿ ಹೀಗಾಯಿತು. ಉತ್ತರಕ್ಕೆ ಮರಕೆಸು ಆರು, ಬಾವಿ ಜರಿ ಎಂಟು, ಬೆಳಕಿನ ಅಂಚಿನಲ್ಲಿ ಬಿಳಿ ಜರಿ ನಾಲ್ಕು, ತಿಮರೆ ಅಂದರೆ ಒಂದೆಲಗ ನಾಲ್ಕು. ಪಶ್ಚಿಮಕ್ಕೆ ಟೇಬಲ್ ರೋಸ್ 16, ಸಾಂಬ್ರಾಣಿ ಸೊಪ್ಪು (ಘಟ್ಟದ ಮೇಲಿನವರ ದೊಡ್ಡಪತ್ರೆ) ಎಂಟು, ಗೌರಿ ಹೂ (ಕರ್ಣಕುಂಡಲ) 16.

ನೆಡುವ ಕೆಲಸ ಹೇಳಿದಷ್ಟು ಸುಲಭ ಅಲ್ಲ. ಚಟ್ಟಿಯ ಗಿಡ ಸಂದಿಗೆ ಹೋಗುವುದಿಲ್ಲ. ಬೇರಿನ ಮಣ್ಣು ತೊಳೆದು, ಬೇರನ್ನು ನೆನೆಸಿದ ತೆಂಗಿನ ನಾರಿನಲ್ಲಿ ಬೀಡ ಸುತ್ತಿದ ಹಾಗೆ ಸುತ್ತಿ, ಕಡ್ಡಿಯಿಂದ ಮೆಲ್ಲ ಒಳಗೆ ದೂಡಬೇಕು. ಎಲೆ ಹೊರಗೆ, ಬೇರು ಆದಷ್ಟು ಹಿಂದಕ್ಕೆ, ಹಿಂದಿನ ಮಣ್ಣು ಮುಟ್ಟುವ ಹಾಗೆ. ಆಮೇಲೆ ಮಣ್ಣು ತುಂಬುವುದು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ಹಳೆ ಹಟ್ಟಿಗೊಬ್ಬರ, ಒಂದು ಪಾಲು ನಾರಿನ ಪುಡಿ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಸಡಿಲ ಕಲಸಿದೆ. ಸಂದಿನ ಬಾಯಿಗೆ ಕೈ ಹಿಡಿಯುವುದಿಲ್ಲ, ಅದಕ್ಕೆ ಅಡಿಕೆ ಹಾಳೆಯ ತುಂಡನ್ನು ಮಡಚಿ ದೋಣಿ ಮಾಡಿ ಅದರಲ್ಲಿ ಜಾರಿಸಿದೆ. ಕೊನೆಗೆ ಬಾಯಿಗೆ ನೆನೆಸಿದ ತೆಂಗಿನ ಸಿಪ್ಪೆಯ ಚೂರು ಬಡಿದರೆ ಮಣ್ಣು ಹೊರಗೆ ಬರುವುದಿಲ್ಲ. ಮೇಲಿನ ವರಿಯಿಂದ ಕೆಳಗೆ ಬರಬೇಕು. ಮೊದಲ ದಿನ ನಾನು ಕೆಳಗಿಂದ ಶುರು ಮಾಡಿ, ಮೇಲಿನ ಮಣ್ಣೆಲ್ಲ ನೆಟ್ಟ ಗಿಡದ ತಲೆಗೆ ಸುರಿದೆ.

ಗೌರಿ ಹೂವಿನ ವಿಷಯ ಬೇರೆ. ಗಿಡ ನೆಡಲೇ ಇಲ್ಲ. ಬೀಜವನ್ನು ಅದೇ ಮಣ್ಣಿನಲ್ಲಿ ಗೋಲಿಯಷ್ಟು ಉಂಡೆ ಮಾಡಿ ಸಂದಿಗೆ ಒತ್ತಿ ಬಿಟ್ಟೆ. ಟೀಚರ ಮೊಮ್ಮಗಳು ರಜೆಯಲ್ಲಿ ಬಂದಿದ್ದಳು, ಉಂಡೆ ಕಟ್ಟಿದ್ದು ಪೂರ್ತಿ ಅವಳೇ. ಪಾಚಿ ಬೇಗ ಬರಲಿಕ್ಕೆ ಗೋಡೆಗೆ ಮಜ್ಜಿಗೆ ಬಳಿಯಿರಿ ಅಂತ ಯಾರೋ ಯೂಟ್ಯೂಬ್‌ನಲ್ಲಿ ಹೇಳಿದ್ದನ್ನು ಅವಳು ತೋರಿಸಿದಳು. ನಮ್ಮೂರಿನ ಮಳೆಗೆ ಪಾಚಿ ಬರಿಸಲು ಮಜ್ಜಿಗೆ ಬೇಕಾ? ಅದು ಕುಡಿಯಲಿಕ್ಕಿರಲಿ ಅಂದೆ.

ಆ ವರ್ಷ ಮುಂಗಾರು ತಡ ಮಾಡಿತು. ಕೇರಳಕ್ಕೇ ಜೂನ್ 8ಕ್ಕೆ ಬಂತು. ಅಲ್ಲಿವರೆಗೆ ಬಾವಿ ಜರಿಯನ್ನು ಒದ್ದೆ ಗೋಣಿ ಮುಚ್ಚಿ ಉಳಿಸಿದ್ದೇ ದೊಡ್ಡ ಕೆಲಸ. ಜುಲೈ ಮೊದಲ ವಾರ ಬಂತು ನೋಡಿ, ಶಾಲೆಗೆ ರಜೆ ಕೊಡುವಂಥ ಮಳೆ. ನಮ್ಮ ಕಡೆ ಮಳೆ ಮೇಲಿನಿಂದ ಬೀಳುವುದಲ್ಲ, ಗಾಳಿಯ ಜೊತೆ ಪಡುವಣದಿಂದ ಅಡ್ಡ ಹೊಡೆಯುವುದು. 48 ಅಡಿ ಗೋಡೆಯ ಮುಖ ಸೀದಾ ಅದಕ್ಕೆ ಎದುರು. ನಾನು ಬೇಸಿಗೆಯ ಬಿಸಿಲು ನೋಡಿ ಗಿಡ ಆರಿಸಿದ್ದೆ. ನಾಲ್ಕು ತಿಂಗಳ ಏಟಿನ ಲೆಕ್ಕ ಹಾಕಿರಲಿಲ್ಲ. ಟೇಬಲ್ ರೋಸ್ ಹದಿನಾರೂ ಕೊಳೆತು ಲೋಳೆಯಾಗಿ ಗೋಡೆಯಿಂದ ಇಳಿದವು. ಸಾಂಬ್ರಾಣಿ ಎಂಟರಲ್ಲಿ ಆರು ಹೋದವು. ಉಳಿದ ಎರಡು ಎಲ್ಲಿದ್ದವು ಅಂತ ನೋಡಿದರೆ, ಗೋಡೆಯ ತಲೆಗೆ ಇಟ್ಟ ಚಪ್ಪಡಿ ಮುಂದೆ ಚಾಚಿದ್ದಲ್ಲ, ಅದರ ಸೂರಿನಡಿ. ಗೌರಿ ಹೂ ಮಾತ್ರ 16ರಲ್ಲಿ 11 ಎದ್ದಿತು. ಅದು ಮಳೆಯದ್ದೇ ಮಗು.

ಉತ್ತರದಲ್ಲಿ ಮರಕೆಸು ಆರಕ್ಕೆ ಆರೂ ಬಂತು. ಜರಿಯಲ್ಲಿ ಹನ್ನೆರಡರಲ್ಲಿ ಒಂಬತ್ತು. ತಿಮರೆ ಮಾತ್ರ ಒಂದು ಉಳಿಯಿತು. ಮೂರನ್ನು ಆಫ್ರಿಕನ್ ಬಸವನಹುಳು ತಿಂದು ತೇಗಿತು. ರಾತ್ರಿ ಟಾರ್ಚ್ ಹಿಡಿದು ಉಪ್ಪುನೀರಿನ ಬಕೆಟ್ಟಿಗೆ ಹೆಕ್ಕಿ ಹಾಕುವ ಕೆಲಸ ಯಜಮಾನರು ವಹಿಸಿಕೊಂಡರು. ಮೊದಲ ರಾತ್ರಿ 40 ಸಿಕ್ಕಿತಂತೆ. ಮರುದಿನ ಬೆಳಿಗ್ಗೆ ಲೆಕ್ಕ ಹೇಳಲೆಂದೇ ಫೋನ್ ಮಾಡಿದ್ದರು. ಗಿಡದ ವಿಷಯದಲ್ಲಿ ಅವರು ನನ್ನ ಪಕ್ಷಕ್ಕೆ ಬಂದದ್ದು ಅವತ್ತೇ ಇರಬೇಕು.

ಇನ್ನು ನನ್ನ ದೊಡ್ಡ ತಪ್ಪು. ಉತ್ತರದ ಗೋಡೆಯ ಎರಡನೇ ವರಿಯಲ್ಲಿ ಒಂದು ಚೆಂದದ ಸಂದು ಇತ್ತು, ಅಂಗೈ ಅಗಲ. ಏಪ್ರಿಲ್‌ನಲ್ಲಿ ನೋಡುವಾಗ ಒಳಗೆ ತಣ್ಣಗೆ, ಸ್ವಲ್ಪ ತೇವ. "ತೇ" ಅಂತ ಬರೆಸಿ, ಒಂದು ಮರಕೆಸು ಇಟ್ಟು, ಚೆನ್ನಾಗಿ ಮಣ್ಣು, ನಾರು ಜಡಿದೆ. ಜುಲೈ ಮಧ್ಯದಲ್ಲಿ ಟೀಚರು ಕರೆದರು. ಅದರ ಎಡಕ್ಕೆ ಮೂರು ಅಡಿ ದೂರದಲ್ಲಿ, ಅಲ್ಲಿವರೆಗೆ ಒಣಗಿದ್ದ ಜಾಗದಲ್ಲಿ, ನೀರು ಚಿಮ್ಮುತ್ತಿತ್ತು. ಕೆಂಪು ನೀರು. ಕೆಂಪು ಅಂದರೆ ಹಿಂದಿನ ಮಣ್ಣು ಕೊಚ್ಚಿ ಬರುತ್ತಿದೆ ಅಂತ ಅರ್ಥ. ನಾನು ಮುಚ್ಚಿದ್ದು ಧರೆಯ ನೀರು ಹೋಗುವ ಕಿಂಡಿ. ಬೇಸಿಗೆಯಲ್ಲಿ ಅದು ಬರೀ ತೇವದ ಸಂದಿನ ಹಾಗೆ ಕಂಡಿತ್ತು. ಸುರಿವ ಮಳೆಯಲ್ಲೇ ಕಡ್ಡಿ ಹಾಕಿ ಬಿಡಿಸಿದೆ. ನಾರಿನ ಉಂಡೆ ಹೊರಗೆ ಬಂದದ್ದೇ ತಡ, ಹಿಂದಿನಿಂದ ನೀರು ನನ್ನ ಎದೆಗೇ ಬಡಿಯಿತು. ಒಂದು ಗಂಟೆಯಲ್ಲಿ ಆಚೆ ಬದಿಯ ಕೆಂಪು ನೀರು ನಿಂತಿತು. ಮೇಸ್ತ್ರಿ ಬಂದು ನೋಡಿ, ಗೋಡೆಗೆ ಏನೂ ಆಗಿಲ್ಲ ಅಂದರು. ನನಗೆ ಮಾತ್ರ ಎರಡು ರಾತ್ರಿ ನಿದ್ರೆ ಬರಲಿಲ್ಲ. ಯಜಮಾನರ ಸಿಮೆಂಟನ್ನು ಬೈದವನು ನಾನು. ನಾರು ಮಣ್ಣಿನಲ್ಲಿ ಅದೇ ಕೆಲಸ ಮಾಡಿದ್ದೆ.

ಆ ಮೇಲೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಧರೆ ಹಿಡಿದ ಗೋಡೆಯಾದರೆ ಬೇಸಿಗೆಯಲ್ಲಿ ಗುರುತು ಹಾಕುವುದಿಲ್ಲ. ಒಂದು ಮಳೆಗಾಲ ಕಾದು, ಜೋರು ಮಳೆಯ ದಿನ ಕೊಡೆ ಹಿಡಿದು ನಿಂತು, ಯಾವುದರಿಂದ ನೀರು ಬರುತ್ತದೆ ಅಂತ ನೋಡಿ "ಬಿ" ಬರೆಯುವುದು. ಸೀಮೆಸುಣ್ಣ ಒದ್ದೆ ಕಲ್ಲಿಗೆ ಹಿಡಿಯುವುದಿಲ್ಲ, ಅದಕ್ಕೆ ಎಣ್ಣೆ ಪೈಂಟು. ಆ ಮರಕೆಸುವನ್ನು ಪಕ್ಕದ ಸಂದಿಗೆ ಬದಲಿಸಿದೆ, ಅದು ಬೇಸರ ಮಾಡಿಕೊಳ್ಳಲಿಲ್ಲ.

ಪಶ್ಚಿಮದಲ್ಲಿ ಈಗ 27 ಸಂದು ಖಾಲಿ. ಆಗಸ್ಟ್ ಕೊನೆಗೆ, ಮಳೆಯ ಏಟು ತಗ್ಗಿದ ಮೇಲೆ ನೆಟ್ಟರೆ ಬೇರು ಹಿಡಿಯಲು ಸೆಪ್ಟೆಂಬರ್, ಅಕ್ಟೋಬರ್ ಸಿಗುತ್ತದೆ ಅಂತ ಲೆಕ್ಕ. ಆದರೆ ಆ ಆಗಸ್ಟ್‌ನಲ್ಲಿ ಮಳೆಯೇ ಕೈಕೊಟ್ಟಿತು. ದೇಶದ ಒಟ್ಟು ಮಳೆ ನೋಡಿದರೆ 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಅದು. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಗಿಡಕ್ಕೆ ನೀರು ಹೊತ್ತದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಈ ಸಲ ಗಿಡ ಆರಿಸುವಾಗ ಮತ್ತೆ ರಸ್ತೆಗೆ ಹೋದೆ. ಪಶ್ಚಿಮಕ್ಕೆ ಮುಖ ಮಾಡಿದ, ಸೂರಿಲ್ಲದ ಹಳೆ ಗೋಡೆಗಳಲ್ಲಿ ಮಳೆ, ಬಿಸಿಲು ಎರಡನ್ನೂ ತಾಳಿದ್ದು ಯಾವುದು? ಎರಡು ಮೂರು ಕಡೆ ಒಂದೇ ಗಿಡ ಸಿಕ್ಕಿತು. ಕತ್ತಿಯಂಥ ಎಲೆ, ಮೇಲೆ ಹಸಿರು, ಅಡಿಗೆ ನೇರಳೆ, ಬುಡದಲ್ಲಿ ದೋಣಿಯಂಥ ಗೂಡಿನಲ್ಲಿ ಪುಟ್ಟ ಬಿಳಿ ಹೂ. ನರ್ಸರಿಯವರು ರಿಯೋ ಅನ್ನುತ್ತಾರೆ. ಅಷ್ಟೇನೂ ನಾಜೂಕಿನ ಗಿಡ ಅಲ್ಲ, ಬ್ಯಾಂಕಿನ ಅಂಗಳದಲ್ಲೂ ಇರುತ್ತದೆ. ಎಲೆಯಲ್ಲಿ ನೀರು ಹಿಡಿದಿಡುತ್ತದೆ, ನೆಟ್ಟಗೆ ನಿಲ್ಲುವುದರಿಂದ ಮಳೆ ಜಾರಿ ಹೋಗುತ್ತದೆ. ರಸದ ಬಗ್ಗೆ ಒಂದು ಎಚ್ಚರ: ಕೆಲವರ ಚರ್ಮಕ್ಕೆ ತುರಿಸುತ್ತದೆ, ಕೈಗವಸು ಹಾಕಿಕೊಂಡು ನೆಡಬೇಕು. 14 ಸಂದಿಗೆ ರಿಯೋ ಹಾಕಿದೆ. ಸಾಂಬ್ರಾಣಿಯ ಆರು ಕಡ್ಡಿಯನ್ನು ಈ ಸಲ ಚಪ್ಪಡಿಯ ಸೂರಿನಡಿಯ ಸಂದಿಗೇ ಕೊಟ್ಟೆ. ಏಳು ಸಂದು ಖಾಲಿ ಬಿಟ್ಟೆ. ಹಾಕಲು ಧೈರ್ಯ ಬರುವ ಗಿಡ ಕಾಣಲಿಲ್ಲ.

ಬೇಸಿಗೆಗೆ ಮಡಲು, ಅಂದರೆ ತೆಂಗಿನ ಗರಿ. ಮೊದಲೆಲ್ಲ ಮಣ್ಣಿನ ಪಾಗಾರಕ್ಕೆ ಮಳೆಗಾಲಕ್ಕೆ ಮುಂಚೆ ಹೊದೆಸುತ್ತಿದ್ದರಲ್ವಾ, ನಾವು ಅದನ್ನು ತಿರುಗಾ ಮುರುಗಾ ಮಾಡಿ ಮಾರ್ಚ್‌ನಲ್ಲಿ ಪಶ್ಚಿಮದ ಗೋಡೆಗೆ ಒರಗಿಸಿದೆವು. ಅಕ್ಕಿ ತೊಳೆದ ನೀರನ್ನು ಟೀಚರು ಮೂರು ದಿನಕ್ಕೊಮ್ಮೆ ಗೋಡೆಯ ತಲೆಯಿಂದ ಇಳಿಬಿಡುತ್ತಿದ್ದರು. 2024ರ ಏಪ್ರಿಲ್ ದಾಟುವಾಗ ರಿಯೋ 12 ಇತ್ತು, ಸಾಂಬ್ರಾಣಿ ಎಂಟೂ ಇತ್ತು.

ಉತ್ತರದಲ್ಲಿ ಮಾತ್ರ ಗಲಾಟೆ. ಜನವರಿಯಲ್ಲಿ ಟೀಚರದ್ದು ಫೋನು. "ಮರಕೆಸು ಸತ್ತೇ ಹೋಯ್ತು ಮಾರಾಯ್ರೆ. ಆರೂ ಇಲ್ಲ. ಇವರು ಆ ಸಂದಿಗೆ ಕಲ್ಲು ಹಾಕ್ಲಾ ಅಂತ ಕೇಳ್ತಿದ್ದಾರೆ."

"ಅದು ಸಾಯುದಲ್ಲ ಟೀಚರೇ, ಮಲಗುದು. ಮಾವಿನ ಮರದ್ದು ಬೇಸಿಗೆಯಲ್ಲಿ ಯಾವತ್ತಾದ್ರೂ ಕಂಡಿದ್ದೀರಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ ಅಲ್ವಾ" ಅಂದರು. ಮೇ ಕೊನೆಗೆ ಎರಡು ಮಳೆ ಬಿದ್ದ ಮೇಲೆ ಒಂದು ಫೋಟೋ ಕಳಿಸಿದರು. ಸಂದಿನಿಂದ ಸುರುಳಿ ಸುತ್ತಿದ ಒಂದು ಎಲೆ, ಹಸಿರು ಪೆನ್ಸಿಲಿನ ಹಾಗೆ. ಜೊತೆಗೆ ಒಂದು ಮಾತೂ ಇರಲಿಲ್ಲ.

2024ರ ಜುಲೈಯಲ್ಲಿ ಕರಾವಳಿಗೆ ಬಿಡದೆ ಸುರಿಯಿತು. ಆಗ ಎರಡು ಸಲ ಹೋಗಿ ನೋಡಿದೆ. ಕಿಂಡಿಗಳೆಲ್ಲ ಬಾಯಿ ತೆರೆದು ನೀರು ಕಾರುತ್ತಿದ್ದವು, ನೀರು ತಿಳಿಯಾಗಿತ್ತು. ಮೇಸ್ತ್ರಿಯ ಗುಂಡಿನ ಲೆಕ್ಕದಲ್ಲಿ ಹೊಟ್ಟೆ ಅಷ್ಟೇ ಇದೆ, ಮುಂದೆ ಬಂದಿಲ್ಲ. ಗೌರಿ ಹೂವಿನ ಕಾಯಿ ಸಿಡಿದು ಸಿಕ್ಕಿದಲ್ಲೆಲ್ಲ ಬೀಜ ಬಿದ್ದು, 11 ಇದ್ದ ಕಡೆ ಎಷ್ಟು ಅಂತ ಎಣಿಸುವುದನ್ನೇ ಬಿಟ್ಟೆವು. ನಾನು ಖಾಲಿ ಬಿಟ್ಟ ಏಳರಲ್ಲಿ ಐದಕ್ಕೆ ಅದೇ ಬಂದು ಕೂತಿದೆ. ಬುಡದ ಒಂದು ಅಡಿಯಲ್ಲಿ ಎದ್ದದ್ದನ್ನು ಯಜಮಾನರು ಒಪ್ಪಂದದ ಪ್ರಕಾರ ಕಿತ್ತು ಹಾಕುತ್ತಾರೆ. ಬಿಳಿ ಜರಿಯ ಎಲೆ ಮಾತ್ರ ಯಾವಾಗಲೂ ಅರ್ಧ ಇರುವುದಿಲ್ಲ. ಮೊಮ್ಮಗಳು ಬಂದು ಹೋದಳು ಅಂತ ಅದರಿಂದಲೇ ಗೊತ್ತಾಗುತ್ತದೆ.

ಆಟಿಯಲ್ಲಿ ಟಿಫಿನ್ ಡಬ್ಬದಲ್ಲಿ ಪತ್ರೊಡೆ ಬಂತು. ಆರು ಗಿಡದ ಎಲೆಗೆ ಎಷ್ಟಾಗುತ್ತದೆ ಹೇಳಿ, ಪೇಟೆಯಿಂದ ತಂದ ಕೆಸುವೂ ಸೇರಿಸಿದ್ದೇನೆ ಅಂತ ಟೀಚರು ತಾವಾಗಿ ಒಪ್ಪಿಕೊಂಡರು.

ಸೆಪ್ಟೆಂಬರ್‌ನಲ್ಲಿ ಗೋಡೆಯ ಉದ್ದಕ್ಕೂ ಒಮ್ಮೆ ನಡೆದು ಅಶ್ವತ್ಥ, ಗೋಳಿಯ ಎಳೆ ಸಸಿ ಹುಡುಕುವುದು ಈಗ ವಾಡಿಕೆ. ಬೆರಳುದ್ದ ಇರುವಾಗ ಒದ್ದೆ ಸಂದಿನಿಂದ ಬೇರು ಸಮೇತ ಬರುತ್ತದೆ. ಕಳೆದ ಸಲ ಒಂಬತ್ತು ಸಿಕ್ಕಿತು, ಅದರಲ್ಲಿ ಎರಡು ಹಾವುರಾಣಿಯ ಸಂದಿನ ಬಾಯಲ್ಲೇ. ಅವನ್ನು ಕೀಳುವಾಗ ಹಾವುರಾಣಿ ತಲೆ ಹೊರಗೆ ಹಾಕಿ ನೋಡಿ ಒಳಗೆ ಹೋಯಿತು.

ಒಂದು ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಉಳಿದ ಎರಡು ಖಾಲಿ ಸಂದು ಗೇಟಿನ ಪಕ್ಕ ಇವೆ, ಅಲ್ಲಿ ಕಾಗದದ ಹೂ ಬೇಕು ಅಂತ ಟೀಚರು. ಅದರ ಬುಡ ತೋಳು ದಪ್ಪ ಆಗುತ್ತದೆ, ಗೋಡೆಯಲ್ಲಿ ಬೇಡ, ಪಕ್ಕದಲ್ಲಿ ಚಟ್ಟಿ ಇಡಿ ಅಂತ ನಾನು. "ಚಟ್ಟಿ ಇಟ್ಟರೆ ಅದು ಸಂದಿಗೆ ಹಾಕಿದ ಹಾಗಾಯ್ತಾ?" ಅಂತ ಅವರು. ಬರುವ ಮೇ ತಿಂಗಳವರೆಗೆ ಸಮಯ ಉಂಟು.